‘ಸ್ವೆಟರ್ ಹಾಕು’ ಎಂದರೆ ತೊಡುವುದೋ, ಹೆಣೆಯುವುದೋ?

ಪದಚರ್ಚೆಯ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಉಲ್ಲನ್ ದಾರ ಮತ್ತು ಎರಡು ಕಡ್ಡಿ ಹಿಡಿದು ಸ್ವೆಟರ್ ಮಾಡುವ ಕೆಲಸಕ್ಕೆ ಕನ್ನಡದಲ್ಲಿ ಒಪ್ಪುವ ಕ್ರಿಯಾಪದ ಯಾವುದು, ಆ ಕೆಲಸದ ಒಳಗಿನ ಸಣ್ಣ ಸಣ್ಣ ಹಂತಗಳಿಗೆ ನಿಮ್ಮ ನಿಮ್ಮ ಮನೆಗಳಲ್ಲಿ ಏನೆನ್ನುತ್ತಾರೆ ಎಂಬುದು ನನ್ನ ಪ್ರಶ್ನೆ. ಪ್ರಶ್ನೆ ಹುಟ್ಟಿದ ಸಂದರ್ಭವನ್ನು ಹೇಳದೆ ಹೋದರೆ ಇದೇನು ಇಷ್ಟು ಕೆದಕುವಂಥ ವಿಷಯವೇ ಎಂದು ನಿಮಗನ್ನಿಸಬಹುದಾದ್ದರಿಂದ ಅದನ್ನು ಮೊದಲು ಹೇಳುತ್ತೇನೆ.

ನಾನು ಮಳವಳ್ಳಿ ಕಡೆಯವಳು, ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದೇನೆ. ಹಾಸ್ಟೆಲ್ ಬಿಟ್ಟು, ಧಾರವಾಡದ ಗೆಳತಿಯೊಬ್ಬಳ ಜೊತೆ ಸರಸ್ವತಿಪುರಂನ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ ಬಿಡಾರ ಹೂಡಿ ಮೂರು ವಾರವಾಯಿತು. ಪಾತ್ರೆಪಡಗವೂ ಪುಸ್ತಕವೂ ಇನ್ನೂ ರಟ್ಟಿನ ಪೆಟ್ಟಿಗೆಗಳಲ್ಲೇ ಇವೆ, ಕಿಟಕಿಗಳಿಗೆ ಪರದೆಯಿಲ್ಲ, ಕುಕ್ಕರಹಳ್ಳಿ ಕೆರೆಯ ಕಡೆಯಿಂದ ಬರುವ ಬೆಳಗಿನ ಗಾಳಿ ನೇರವಾಗಿ ಹಾಸಿಗೆಗೇ ಬಡಿಯುತ್ತದೆ. ಹೀಗಾಗಿ ಪೆಟ್ಟಿಗೆಗಳಿಂದ ಮೊಟ್ಟಮೊದಲು ಹೊರಬಿದ್ದದ್ದು ದೊಡ್ಡಮ್ಮ ಕಲಿಸಿ ಕೊಟ್ಟಿದ್ದ ಕಡ್ಡಿಗಳು ಮತ್ತು ಊರಿನಿಂದ ತಂದಿದ್ದ ಆರು ಉಂಡೆ ಉಲ್ಲನ್. ಬಾಡಿಗೆ ಕರಾರಿಗೆ ರುಜು ಹಾಕಬೇಕಾಗಿದ್ದ ದಿನ ಮನೆಯ ಒಡತಿ ಕೆಳಗಿನಿಂದ ಫೋನ್ ಮಾಡಿ ಏನು ಮಾಡುತ್ತಿದ್ದೀಯ ಎಂದು ಕೇಳಿದಾಗ, ‘ಸ್ವೆಟರ್ ಹಾಕ್ತಾ ಇದೀನಿ ಆಂಟಿ, ಮುಗಿಸ್ಕೊಂಡು ಬರ್ತೀನಿ’ ಎಂದುಬಿಟ್ಟೆ. ಅವರಿಗೆ ಅವಸರವಿದೆಯೆಂದು ನನಗೆ ತಿಳಿಯಲಿಲ್ಲ, ನನಗೆ ಒಂದು ಸಾಲು ಬಾಕಿಯಿದೆಯೆಂದು ಅವರಿಗೆ ತಿಳಿಯಲಿಲ್ಲ. ಒಂದು ಸಾಲು ಹೋಗಿ ಹತ್ತು ಸಾಲಾಗಿ, ಮುಕ್ಕಾಲು ಗಂಟೆಯ ಮೇಲೆ ಇಳಿದು ಹೋದರೆ, ಕರಾರಿನ ಕಾಗದ ಹಿಡಿದು ಕೂತಿದ್ದ ಬ್ರೋಕರ್ ಎದುರಿಗೇ ಆಂಟಿ ಕೇಳಿದರು: ‘ಒಂದು ಸ್ವೆಟರ್ ಹಾಕ್ಕೊಳ್ಳೋದಕ್ಕೆ ಇಷ್ಟು ಹೊತ್ತು ಬೇಕೇನಮ್ಮ?’

ಮೇಲಕ್ಕೆ ಬಂದ ಮೇಲೆ ವ್ಯಾಕರಣದ ಬೆಂಬಲ ಹುಡುಕಿದೆ. ನಾನು ಹೇಳಿದ್ದು ‘ಹಾಕ್ತಾ ಇದೀನಿ’ ಎಂದೇ ಹೊರತು ‘ಹಾಕ್ಕೊಳ್ತಾ ಇದೀನಿ’ ಎಂದಲ್ಲ. ತನ್ನ ಮೈಮೇಲೆ ತಾನೇ ಏರಿಸಿಕೊಳ್ಳುವುದಾದರೆ ಕನ್ನಡದಲ್ಲಿ ‘ಕೊಳ್ಳು’ ಬರಬೇಕು. ಬರದಿದ್ದರೆ ಕೆಲಸ ಹೊರಗಿನ ವಸ್ತುವಿನ ಮೇಲೆ ನಡೆದಿದೆಯೆಂದೇ ಅರ್ಥವಾಗಬೇಕು. ಆದರೆ ಈ ವಾದ ಆಡುಮಾತಿನಲ್ಲಿ ನಿಲ್ಲುವುದಿಲ್ಲ. ಕನ್ನಡಕ ಹಾಕಿದ್ದಾನೆ, ಚಪ್ಪಲಿ ಹಾಕಿ ಬಾ, ಪ್ಯಾಂಟು ಹಾಕುವುದನ್ನೇ ಬಿಟ್ಟ ಎಂದು ‘ಕೊಳ್ಳು’ ಇಲ್ಲದೆಯೇ ನಾವೆಲ್ಲ ತೊಡುವ ಅರ್ಥದಲ್ಲಿ ಆಡುತ್ತೇವೆ. ‘ಮಗುವಿಗೆ ಸ್ವೆಟರ್ ಹಾಕಿದಳು’ ಎಂಬ ವಾಕ್ಯದಲ್ಲಂತೂ ‘ಕೊಳ್ಳು’ವಿಗೆ ಎಡೆಯೇ ಇಲ್ಲವಾದ್ದರಿಂದ, ತಾಯಿ ಎರಡು ನಿಮಿಷ ದುಡಿದಳೋ ಎರಡು ತಿಂಗಳು ದುಡಿದಳೋ ಎಂಬುದು ತಿಳಿಯುವುದೇ ಇಲ್ಲ. ‘ನನಗೊಂದು ಸ್ವೆಟರ್ ಹಾಕಿಕೊಂಡೆ’ ಎಂದರೆ ‘ಕೊಳ್ಳು’ ಇದ್ದೂ ಹೆಣೆದ ಅರ್ಥವೇ ಮುಂದಾಗುತ್ತದೆ. ಹಾಗೆಂದು ಈ ‘ಹಾಕು’ವನ್ನು ತಪ್ಪು ಎನ್ನಲು ನನ್ನ ಮನಸ್ಸು ಒಪ್ಪದು. ರಂಗೋಲಿ ಹಾಕು, ಜಡೆ ಹಾಕು, ಕಸೂತಿ ಹಾಕು, ಕ್ರೋಶಾ ಹಾಕು ಎಂದು ಕೈಬೆರಳಿನಲ್ಲಿ ವಿನ್ಯಾಸ ಮೂಡಿಸುವ ಕೆಲಸಗಳಿಗೆಲ್ಲ ಅದೇ ಪದ ಸಲ್ಲುತ್ತಿರುವಾಗ ಸ್ವೆಟರು ಆ ಸಾಲಿಗೆ ಸೇರಿದ್ದು ಸಹಜವೇ. ತೊಂದರೆಯಿರುವುದು ಇಷ್ಟೇ: ರಂಗೋಲಿಯನ್ನು ಯಾರೂ ತೊಡುವುದಿಲ್ಲ, ಸ್ವೆಟರನ್ನು ತೊಡುತ್ತಾರೆ.

ಬರವಣಿಗೆಯಲ್ಲಿ ‘ಹಾಕು’ ಬೇಡವೆಂದಾದರೆ ಉಳಿಯುವವು ಎರಡು, ‘ನೇಯು’ ಮತ್ತು ‘ಹೆಣೆ’. ಪತ್ರಿಕೆಗಳಲ್ಲೂ ಅನುವಾದಗಳಲ್ಲೂ ‘ಸ್ವೆಟರ್ ನೇಯುತ್ತಾ ಕುಳಿತಿದ್ದಳು’ ಎಂಬಂಥ ಪ್ರಯೋಗ ಕಣ್ಣಿಗೆ ಬೀಳುತ್ತದೆ. ಇದು ನನಗೆ ಸರಿತೋರುವುದಿಲ್ಲ, ಕಾರಣ ಕಿವಿಯದ್ದಲ್ಲ, ಕೆಲಸದ ರೀತಿಯದ್ದು. ನೇಯ್ಗೆಗೆ ಹಾಸು ಬೇಕು, ಹೊಕ್ಕು ಬೇಕು. ಬಿಗಿದು ಹಿಡಿದ ಉದ್ದದ ಎಳೆಗಳ ನಡುವೆ ಲಾಳಿ ಅಡ್ಡೆಳೆಯನ್ನು ಒಯ್ಯಬೇಕು. 1912ರಲ್ಲಿ ಮೈಸೂರಿನಲ್ಲಿ ಶುರುವಾಗಿ ಈಗಲೂ ಮಾನಂದವಾಡಿ ರಸ್ತೆಯಲ್ಲಿ ನಡೆಯುತ್ತಿರುವ ರೇಷ್ಮೆ ಕಾರ್ಖಾನೆಯಲ್ಲಾಗಲಿ, ಶ್ರೀರಂಗಪಟ್ಟಣ ತಾಲ್ಲೂಕಿನ ಕೊಡಿಯಾಲದ ಮಗ್ಗಗಳಲ್ಲಾಗಲಿ, ಚಳ್ಳಕೆರೆಯ ಕಂಬಳಿಯಲ್ಲಾಗಲಿ ನಡೆಯುವುದು ಇದೇ. ಕಂಬಳಿಯೂ ಉಣ್ಣೆಯದೇ, ಸ್ವೆಟರೂ ಉಣ್ಣೆಯದೇ ಎಂಬ ಕಾರಣಕ್ಕೆ ಎರಡಕ್ಕೂ ‘ನೇಯು’ ಎಂದರೆ, ಮೈದಾ ಒಂದೇ ಎಂದು ಚಿರೋಟಿಯನ್ನೂ ಪರೋಟವನ್ನೂ ಒಂದೇ ಹೆಸರಿನಿಂದ ಕರೆದ ಹಾಗಾಗುತ್ತದೆ. ಸ್ವೆಟರಿನಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಇರುವುದು ಒಂದೇ ಎಳೆ. ಅದು ತನ್ನ ಹಿಂದಿನ ಕುಣಿಕೆಯೊಳಗೆ ತೂರಿ ಹೊಸ ಕುಣಿಕೆಯಾಗುತ್ತಾ ಹೋಗುತ್ತದೆ. ಸೀರೆಯ ಅಂಚನ್ನು ಕತ್ತರಿಸಿದರೆ ಎಳೆಗಳು ಉದುರುತ್ತವೆ, ಅಷ್ಟೇ. ಸ್ವೆಟರಿನ ಕೊನೆಯ ತುದಿಯನ್ನು ಬಿಡಿಸಿ ಎಳೆದರೆ ಸಾಲು ಸಾಲಾಗಿ ಬಿಚ್ಚಿ, ಮತ್ತೆ ಉಂಡೆಯೇ ಕೈಗೆ ಬರುತ್ತದೆ. ಸ್ವೆಟರು ಮೈಗೆ ತಕ್ಕಂತೆ ಹಿಗ್ಗುವುದೂ ಈ ಕುಣಿಕೆಗಳಿಂದಲೇ. ಗಂಡಸರ ಬನಿಯನ್ ಬಟ್ಟೆಯೂ ಇದೇ ಜಾತಿಗೆ ಸೇರಿದ್ದು, ಯಂತ್ರದಲ್ಲಿ ಹೆಣೆದದ್ದು. ಅಂಗಡಿಯವರು ಅದನ್ನು ಹೋಸಿಯರಿ ಎಂದು ಬೇರೆಯಾಗಿಯೇ ಇಡುತ್ತಾರೆ.

ನೆರೆಯ ಭಾಷೆಗಳೂ ಈ ಭೇದವನ್ನು ಕಾಯ್ದುಕೊಂಡಿವೆ. ತಮಿಳಿನಲ್ಲಿ ಬಟ್ಟೆಗೆ ‘ನೆಯ್’, ಸ್ವೆಟರಿಗೆ ಜಡೆ ಹಾಕುವ ‘ಪಿನ್ನು’. ತೆಲುಗಿನಲ್ಲಿ ಬಟ್ಟೆಗೆ ‘ನೇಯು’, ಸ್ವೆಟರಿಗೆ ಬುಟ್ಟಿ ಹೆಣೆಯುವ ‘ಅಲ್ಲು’. ಹಿಂದಿಯಲ್ಲಿ ಮಾತ್ರ ಎರಡಕ್ಕೂ ‘ಬುನ್‌ನಾ’. ನಮ್ಮ ಬರವಣಿಗೆಗೆ ಸ್ವೆಟರ್ ‘ನೇಯುವುದು’ ಆ ದಾರಿಯಲ್ಲಿ ಬಂದಿರಬಹುದೆಂಬುದು ನನ್ನ ಗುಮಾನಿ. ಇದನ್ನು ಸಾಧಿಸಿ ತೋರಿಸುವಷ್ಟು ಸಾಮಗ್ರಿ ಉಳ್ಳವರು ಈ ಬಳಗದಲ್ಲಿದ್ದರೆ ದಯವಿಟ್ಟು ಒದಗಿಸಬೇಕು.

‘ಹೆಣೆ’ಯ ಪರವಾಗಿ ಇನ್ನೂ ಒಂದು ಮಾತಿದೆ. ಪಾಲು ಹಾಲಾದಂತೆ, ಪೂವು ಹೂವಾದಂತೆ, ಹಳಗನ್ನಡದ ‘ಪೆಣೆ’ಯೇ ಇಂದಿನ ‘ಹೆಣೆ’. ಎಳೆಗಳು ಒಂದರೊಳಗೊಂದು ಸುತ್ತಿಕೊಳ್ಳುವುದು ಅದರ ಮೂಲಾರ್ಥ. ತಮಿಳಿನ ‘ಪಿಣೈ’ ಇದರ ಒಡಹುಟ್ಟು. ಬುಟ್ಟಿ, ಬಲೆ, ತೆಂಗಿನ ಗರಿಯ ತಡಿಕೆ, ಜಡೆ ಎಲ್ಲಕ್ಕೂ ಇದು ಸಲ್ಲುತ್ತದೆ, ಹಾವುಗಳು ಹೆಣೆದುಕೊಳ್ಳುವುದಕ್ಕೂ ಸಲ್ಲುತ್ತದೆ. ನನಗೆ ಅಚ್ಚರಿಯೆನಿಸಿದ್ದು ‘ಹೆಣಗು’, ‘ಹೆಣಗಾಡು’ ಎಂಬವೂ ಇದೇ ಬಳ್ಳಿಯ ಕಾಯಿಗಳು ಎಂಬುದು. ಸುತ್ತಿಕೊಂಡು, ತೊಡರಿಕೊಂಡು, ಬಿಡಿಸಿಕೊಳ್ಳಲಾರದೆ ಸೆಣಸುವುದೇ ಹೆಣಗುವುದು. ತೆಲುಗಿನ ‘ಪೆನಗು’, ತಮಿಳಿನ ‘ಪಿಣಂಗು’ಗಳಲ್ಲೂ ಈ ಎರಡು ಅರ್ಥಗಳು ಒಟ್ಟಿಗೇ ಬಾಳುತ್ತಿವೆ. ಕೆಲವರು ಇದನ್ನು ‘ಹೆಣ’ದೊಂದಿಗೆ ಗಂಟು ಹಾಕುವುದುಂಟು. ಅದಕ್ಕೂ ಇದಕ್ಕೂ ನಂಟಿಲ್ಲ.

ಇಲ್ಲಿ ನನ್ನ ಗೆಳತಿಯದೊಂದು ಆಕ್ಷೇಪಣೆಯನ್ನು ದಾಖಲಿಸಬೇಕು. ನಾನು ‘ಹೆಣಿಗೆ ಸಾಮಾನು ಎಲ್ಲಿಟ್ಟೆ?’ ಎಂದು ಕೇಳಿದರೆ ಅವಳು ಪೆಟ್ಟಿಗೆ ಕೆದಕಿ ಬಾಚಣಿಗೆ ತಂದುಕೊಟ್ಟಳು. ಅವರ ಕಡೆ ಬಾಚಣಿಗೆಗೆ ‘ಹಣಿಗೆ’. ಮಗ್ಗದಲ್ಲಿ ಎಳೆಗಳನ್ನು ಬಿಡಿಬಿಡಿಯಾಗಿ ನಿಲ್ಲಿಸುವ ಹಲ್ಲಿನ ಸಾಧನಕ್ಕೂ ‘ಹಣಿಗೆ’ ಎನ್ನುವುದರಿಂದ, ನೇಯ್ಗೆ ಹೆಣಿಗೆಗಳ ಮಾತಿನ ನಡುವೆ ಇದು ಒಳ್ಳೆಯ ಗೊಂದಲಕ್ಕೆ ದಾರಿಯಾಗುತ್ತದೆ. ‘ಉಣ್ಣೆ’ಯದೂ ಇಂಥದೇ ಪಾಡು. ಸಂಸ್ಕೃತದ ‘ಊರ್ಣಾ’ದಿಂದ ಇಳಿದು ಬಂದ ಉಣ್ಣೆ ಒಂದು, ದನದ ಕೆಚ್ಚಲಿಗೆ ಕಚ್ಚಿಕೊಳ್ಳುವ ಉಣ್ಣೆ ಮತ್ತೊಂದು; ನಮ್ಮ ಹಟ್ಟಿಯಲ್ಲಿ ಎರಡನೆಯದೇ ಹೆಚ್ಚು ಪರಿಚಿತ. ನಮ್ಮ ಸೀಮೆಯ ಹೆಸರಾಂತ ಬನ್ನೂರು ಕುರಿಯೂ ಮಾಂಸಕ್ಕೆ ಬೇಕಾದದ್ದೇ ಹೊರತು ಉಣ್ಣೆಗಲ್ಲ. ಆದ್ದರಿಂದಲೋ ಏನೋ ನಮ್ಮಲ್ಲಿ ಹೆಣೆಯುವ ದಾರಕ್ಕೆ ‘ಉಲ್ಲನ್’ ಎಂಬ ಮಾತೇ ನೆಲೆಯೂರಿದೆ. ಅಂಗಡಿಯಲ್ಲಿ ಸಿಗುವ ಉಲ್ಲನ್ ಬಹುಪಾಲು ಅಕ್ರಿಲಿಕ್ ಆಗಿರುವುದರಿಂದ ಅದನ್ನು ಉಣ್ಣೆ ಎನ್ನುವುದಕ್ಕಿಂತ ಉಲ್ಲನ್ ಎನ್ನುವುದೇ ಪ್ರಾಮಾಣಿಕವೆಂದು ನನಗನ್ನಿಸುತ್ತದೆ.

ಇಷ್ಟು ಆಗಿದ್ದರೆ ಸುಮ್ಮನಿರುತ್ತಿದ್ದೆ. ಆದರೆ ಮುಕ್ಕಾಲು ಗಂಟೆ ಕಾದಿದ್ದ ಆಂಟಿ ಮರುದಿನ ಮೇಲೆ ಬಂದು ಕಡ್ಡಿಯಲ್ಲಿದ್ದ ಅರೆಬರೆ ಸ್ವೆಟರನ್ನು ಮುಟ್ಟಿ ನೋಡಿ, ತಮ್ಮ ಸೊಸೆಗೂ ಪಕ್ಕದ ಮನೆಯವರಿಗೂ ಕಲಿಸಬೇಕೆಂದೂ, ಮರೆಯದ ಹಾಗೆ ಕ್ರಮವನ್ನು ಕನ್ನಡದಲ್ಲಿ ಬರೆದುಕೊಡಬೇಕೆಂದೂ ಕೇಳಿದ್ದಾರೆ. ಬರೆಯಲು ಕುಳಿತಾಗ ಕೈ ಕಟ್ಟಿಹೋಯಿತು. ದೊಡ್ಡಮ್ಮ ನನಗೆ ಬಾಯಿಂದ ಕಲಿಸಿದ್ದಕ್ಕಿಂತ ಕೈಯಿಂದ ಕಲಿಸಿದ್ದೇ ಹೆಚ್ಚು: ‘ಹೀಗೆ ತೂರಿಸು, ಹೀಗೆ ಸುತ್ತು, ಹೀಗೆ ಎಳೆದುಕೋ.’ ಕಾಗದದ ಮೇಲೆ ‘ಹೀಗೆ’ ಎಂದರೆ ಯಾರಿಗೆ ತಿಳಿದೀತು?

ಕಡ್ಡಿಯ ಮೇಲಿನ ಒಂದೊಂದು ಸುತ್ತಿಗೆ ‘ಹೊಲಿಗೆ’ ಎಂದು ಬರೆದರೆ ಸೂಜಿ ಹೊಲಿಗೆಯ ನೆನಪಾಗುತ್ತದೆ. ‘ಗಂಟು’ ಎಂದರೆ ತಪ್ಪೇ ಆಗುತ್ತದೆ, ಗಂಟು ಎಳೆದರೆ ಬಿಚ್ಚುವುದಿಲ್ಲ. ‘ಕುಣಿಕೆ’ಯೇ ಸರಿ ಎಂಬುದು ನನ್ನ ತೀರ್ಮಾನ. ನೇಣಿನ ಕುಣಿಕೆ, ಕುಣಿಕೆ ಬಿಗಿಯಿತು ಎಂಬ ಮಾತುಗಳಿಂದಾಗಿ ಆ ಪದಕ್ಕೆ ಒಂದು ಕರಿನೆರಳು ಅಂಟಿದೆ ನಿಜ. ಆದರೆ ಕರುವನ್ನು ಗೂಟಕ್ಕೆ ಕಟ್ಟುವಾಗ ಹಾಕುವ, ಒಂದು ತುದಿ ಎಳೆದರೆ ಸರಕ್ಕನೆ ಬಿಚ್ಚಿಕೊಳ್ಳುವ ‘ಜೀರುಗುಣಿಕೆ’ ನಮ್ಮ ಹಳ್ಳಿಗಳಲ್ಲಿ ಯಾರಿಗೂ ಹೊಸದಲ್ಲ. ಸ್ವೆಟರಿನ ಮೊದಲ ಕುಣಿಕೆಯನ್ನು ಕಡ್ಡಿಗೆ ಹಾಕುವುದೂ ಸಾಕ್ಷಾತ್ ಜೀರುಗುಣಿಕೆಯಿಂದಲೇ. ಇದನ್ನು ಹೇಳಿದೊಡನೆ ಆಂಟಿಯ ಸೊಸೆಗೆ ಮೊದಲನೆಯ ಪಾಠ ಅರ್ಥವಾಗಿಹೋಯಿತು.

ಮುಂದಿನದು ಕಷ್ಟ. ಹೆಣಿಗೆಯಲ್ಲಿ ಮೂಲವಾಗಿ ಇರುವುದು ಎರಡು ಬಗೆಯ ಕುಣಿಕೆ. ಒಂದರಲ್ಲಿ ಹೊಸ ಕುಣಿಕೆಯನ್ನು ಹಿಂದಿನಿಂದ ನಮ್ಮ ಕಡೆಗೆ ಎಳೆದುಕೊಳ್ಳುತ್ತೇವೆ, ಇನ್ನೊಂದರಲ್ಲಿ ನಮ್ಮ ಕಡೆಯಿಂದ ಹಿಂದಕ್ಕೆ ತಳ್ಳುತ್ತೇವೆ. ವಿಚಾರಿಸಿ ನೋಡಿದರೆ ಇವು ಒಂದೇ ಕುಣಿಕೆಯ ಮುಖ ಮತ್ತು ಬೆನ್ನು; ಈ ಬದಿಯಿಂದ ನಯವಾಗಿ ಕಂಡದ್ದು ಆ ಬದಿಯಿಂದ ಉಬ್ಬಾಗಿ ಕಾಣುತ್ತದೆ. ಸೊಂಟದ ಪಟ್ಟಿಯಲ್ಲಿ ಇವನ್ನು ಒಂದು ಬಿಟ್ಟು ಒಂದು ಹೆಣೆಯುವುದರಿಂದಲೇ ಅದು ಹಿಗ್ಗಿ ಕುಗ್ಗುತ್ತದೆ. ಇವಕ್ಕೆ ಇಂಗ್ಲಿಷಿನ ನಿಟ್, ಪರ್ಲ್ ಎಂಬ ಮಾತುಗಳೂ ಹಿಂದಿಯ ಸೀದಾ, ಉಲ್ಟಾ ಎಂಬ ಮಾತುಗಳೂ ಓಡಾಡುತ್ತಿವೆ. ‘ಉಲ್ಟಾ’ ಎಂದೊಡನೆ ಕಲಿಯುವವರು ತಪ್ಪಾಯಿತೇನೋ ಎಂದು ಗಾಬರಿಯಾಗುವುದನ್ನು ನಾನೇ ನೋಡಿದ್ದೇನೆ. ಮುಂಗೈ, ಹಿಂಗಾಲು ಎಂಬ ಮಾದರಿಯಲ್ಲಿ ಇವನ್ನು ‘ಮುಂಗುಣಿಕೆ’, ‘ಹಿಂಗುಣಿಕೆ’ ಎನ್ನಬಹುದೇ? ಜೀರುಗುಣಿಕೆಯಲ್ಲಿ ಕಕಾರವು ಗಕಾರವಾಗಿರುವುದರಿಂದ ಸಂಧಿಗೂ ಅಡ್ಡಿಯಿಲ್ಲ. ಹೊಸದಾಗಿ ಟಂಕಿಸಿದ ಪದವೆಂದು ನಗುವವರಿಗೆ ನನ್ನ ಗೆಳತಿಯ ಉತ್ತರವಿದೆ: ಧಾರವಾಡದ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗೆ, ಮೆಂಥ್ಯ ಎಂದು ಒಂದೊಂದು ಹೊಲಿಗೆಗೂ ಹೆಸರಿಟ್ಟವರು ನಿಘಂಟು ತೆರೆದು ಕುಳಿತವರಲ್ಲ, ಸೂಜಿ ಹಿಡಿದು ಕುಳಿತ ಹೆಂಗಸರು.

ಉಳಿದವು ಅಷ್ಟು ಕಾಡುವುದಿಲ್ಲ. ಕುಣಿಕೆಗಳನ್ನು ಕಡ್ಡಿಗೆ ‘ಏರಿಸು’, ಕೊನೆಗೆ ಕಡ್ಡಿಯಿಂದ ‘ಇಳಿಸು’, ಕಂಕುಳಿನ ಹತ್ತಿರ ‘ಎರಡನ್ನು ಕೂಡಿಸಿ ಹೆಣೆ’, ತಪ್ಪಿದರೆ ‘ಬಿಚ್ಚು’ ಎಂದು ಬರೆದಿದ್ದೇನೆ. ಒಂದು ಕಡೆ ಮಾತ್ರ ಎಚ್ಚರ ಬೇಕಾಯಿತು. ದೊಡ್ಡಮ್ಮ ಕೊಟ್ಟ ಕಡ್ಡಿಗಳು ಹಳೆಯ ಬ್ರಿಟಿಷ್ ನಂಬರಿನವು. ಅದರಲ್ಲಿ ನಂಬರು ಏರಿದಂತೆ ಕಡ್ಡಿ ತೆಳುವಾಗುತ್ತದೆ. 8ನೆಯ ನಂಬರು 4 ಮಿಲಿಮೀಟರ್ ದಪ್ಪವಿದ್ದರೆ 10ನೆಯದು 3.25 ಮಾತ್ರ. ನಮ್ಮಲ್ಲಿ ‘ಸಣ್ಣ’ ಎಂದರೆ ತೆಳು ಎಂಬ ಅರ್ಥವೂ ಇರುವುದರಿಂದ, ‘ಪಟ್ಟಿಗೆ ಸಣ್ಣ ಕಡ್ಡಿ ತೆಗೆದುಕೊಳ್ಳಿ’ ಎಂದು ಬರೆದದ್ದನ್ನು ಓದಿ ಆಂಟಿಯ ಸೊಸೆ ಸಣ್ಣ ನಂಬರಿನ, ಅಂದರೆ ದಪ್ಪ ಕಡ್ಡಿಯನ್ನು ತಂದಿದ್ದರು. ಈಗ ಅದನ್ನು ‘ತೆಳು ಕಡ್ಡಿ’ ಎಂದು ತಿದ್ದಿದ್ದೇನೆ.

ಹೀಗಾಗಿ ನನ್ನ ಬೇಡಿಕೆ ಎರಡು. ‘ನೇಯು’ವನ್ನು ಬಿಟ್ಟು ‘ಹೆಣೆ’ಯನ್ನು ಹಿಡಿದದ್ದಕ್ಕೆ ಯಾರದಾದರೂ ವಿರೋಧವಿದ್ದರೆ ಆಧಾರ ಸಹಿತ ತಿಳಿಸಬೇಕು. ಮುಂಗುಣಿಕೆ ಹಿಂಗುಣಿಕೆಗಳಿಗೆ ಬದಲಾಗಿ ನಿಮ್ಮ ತಾಯಿಯೋ ಅತ್ತೆಯೋ ಶಾಲೆಯ ಹೊಲಿಗೆ ಟೀಚರೋ ಆಡುತ್ತಿದ್ದ ಮಾತು ಬೇರೆ ಇದ್ದರೆ, ಅದು ಎಷ್ಟೇ ಒರಟಾಗಿದ್ದರೂ, ಯಾವ ಊರಿನದೆಂದು ಸೇರಿಸಿ ಬರೆಯಬೇಕು. ಆಂಟಿಗೆ ಕೊಡಬೇಕಾದ ಕಾಗದ ಇನ್ನೂ ಪೆನ್ಸಿಲಿನಲ್ಲೇ ಇದೆ, ಸಂಕ್ರಾಂತಿಯ ತನಕ ಸಮಯ ಕೇಳಿದ್ದೇನೆ.