ಸಹಾಯ ಬೇಕು: ಅಮೂರ್ತ ಚಿತ್ರಗಳನ್ನು ಧಾರವಾಡದಿಂದ ಬೆಂಗಳೂರಿಗೆ ತರಬೇಕು
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ಗೆಳೆಯರೆಲ್ಲ ಸೇರಿ ಅಮೂರ್ತ ಚಿತ್ರಗಳ (ಅಬ್‌ಸ್ಟ್ರ್ಯಾಕ್ಟ್, ಅಂದರೆ ಬರೀ ಬಣ್ಣ-ಆಕಾರಗಳ ಚಿತ್ರಗಳು) ಪ್ರದರ್ಶನ ಇಡುತ್ತಿದ್ದೇವೆ. ಎಲ್ಲಾ ಅಕ್ರಿಲಿಕ್ ಕ್ಯಾನ್ವಾಸ್, ದೊಡ್ಡವು 5 ಅಡಿ ಅಗಲ ಇವೆ. ಅಕ್ರಿಲಿಕ್ ಬಣ್ಣ ಬಿಸಿಗೆ ಮೆತ್ತಗಾಗುತ್ತದೆ, ಬಬಲ್ ರ‍್ಯಾಪ್ ನೇರವಾಗಿ ಸುತ್ತಿದರೆ ಗುಳ್ಳೆಗಳ ಗುರುತು ಅದರ ಮೇಲೆ ಉಳಿದುಬಿಡಬಹುದು, ಹಾಗಾಗಿ ಒಳಗಡೆ ಗ್ಲಾಸಿನ್ ಕಾಗದ (ನುಣುಪಾದ, ಸುಲಭವಾಗಿ ಅಂಟಿಕೊಳ್ಳದ ತೆಳು ಕಾಗದ) ಬೇಕೇ ಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ ಅದರ ದೊಡ್ಡ ರೋಲ್ ಎಲ್ಲಿ ಸಿಗುತ್ತದೆ? ಒಂದರ ಮೇಲೊಂದು ಪೇರಿಸದೆ, ಕ್ಯಾನ್ವಾಸ್ ನಿಲ್ಲಿಸಿಯೇ ತರುವ ಮುಚ್ಚಿದ ಗಾಡಿಯವರು ಯಾರಾದರೂ ಗೊತ್ತಾ?

ಇನ್ನೊಂದು ಮಾತು. ಬಂದವರು ಇದರಲ್ಲಿ ಏನಿದೆ ಅಂತ ಖಂಡಿತ ಕೇಳುತ್ತಾರೆ, ಕೇಳಲೇಬೇಕು ಅಲ್ವಾ. ಚಿತ್ರಕಲಾವಿದರಾದ ಎಸ್.ಎಚ್. ರಝಾ ಅವರ ಚಿತ್ರಗಳ ಬಿಂದು, ವಿ.ಎಸ್. ಗಾಯತೊಂಡೆ ಅವರ ಬಣ್ಣದ ಪದರಗಳ ಬಗ್ಗೆ ಕನ್ನಡದಲ್ಲಿ ತಾಳ್ಮೆಯಿಂದ ಮಾತಾಡಬಲ್ಲ ಕಲಾ ವಿದ್ಯಾರ್ಥಿಗಳು ಇದ್ದರೆ ದಯವಿಟ್ಟು ಮೆಸೇಜ್ ಮಾಡಿ. ಊಟ, ಓಡಾಟದ ಖರ್ಚು ನಮ್ಮದು.