ಲಿಟಲ್ ಅಂಡಮಾನ್‌ಗೆ ಕಡಲಾಮೆ ಕೆಲಸಕ್ಕೆ ಹೋಗಬೇಕು ಅಂತಿದ್ದೇನೆ, ತಯಾರಿ ಹೇಗೆ?

ದಾವಣಗೆರೆ_ಹುಡುಗಿ:

ಎಲ್ಲರಿಗೂ ನಮಸ್ಕಾರ. ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಈ ವರ್ಷ ಮುಗಿಯಿತು. ಲಿಟಲ್ ಅಂಡಮಾನ್‌ನಲ್ಲಿ ಲೆದರ್‌ಬ್ಯಾಕ್ ಆಮೆಗಳ ಮೇಲೆ ಪ್ರತಿ ವರ್ಷ ಕೆಲಸ ನಡೆಯುತ್ತದೆ ಅಂತ ಓದಿದಾಗಿನಿಂದ ಒಂದು ಸೀಸನ್ ಆದರೂ ಅಲ್ಲಿ ಸ್ವಯಂಸೇವಕಿಯಾಗಿ ಇರಬೇಕು ಅನ್ನೋದು ತಲೆಯಲ್ಲಿ ಕೂತುಬಿಟ್ಟಿದೆ. ನಮ್ಮದು ಬಯಲುಸೀಮೆ, ಸಮುದ್ರ ನೋಡಿದ್ದು ಕಾಲೇಜು ಟೂರ್‌ನಲ್ಲಿ ಮುರುಡೇಶ್ವರಕ್ಕೆ ಹೋದಾಗ ಮಾತ್ರ. ಈಜು ಬರುತ್ತದೆ, ಆದರೆ ಕೆರೆಯ ಈಜು.

ಯಾರನ್ನು ಕೇಳಬೇಕು? ಸುಮ್ನೆ ಟಿಕೆಟ್ ಮಾಡಿಸಿಕೊಂಡು ಹೋದರೆ ಆಗುತ್ತಾ? ಮೈ ಎಷ್ಟು ಗಟ್ಟಿ ಇರಬೇಕು, ಏನೇನು ಒಯ್ಯಬೇಕು? ನಾನು ಸಸ್ಯಾಹಾರಿ, ಅದು ಕಷ್ಟ ಆಗುತ್ತಾ? ಇನ್ನೊಂದು ವಿಷಯ, ಬೇರೆ ದೇಶದ ಒಂದು ದ್ವೀಪದಲ್ಲಿ ಎರಡು ವಾರಕ್ಕೆ ದುಡ್ಡು ಕಟ್ಟಿದರೆ ಮರಿಗಳನ್ನು ಕೈಯಲ್ಲಿ ಹಿಡಿದು ಬಿಡಬಹುದು ಅಂತ ಜಾಹೀರಾತು ಬರುತ್ತಿದೆ. ಅದಕ್ಕೆ ಹೋಗಲಾ ಅಂತಲೂ ಯೋಚನೆ.

ಮರಳುದಾರಿ:

ಮೊದಲು ಆ ಜಾಹೀರಾತಿನ ವಿಷಯ. ಮರಿಯನ್ನು ಕೈಗೆ ಕೊಟ್ಟು ಫೋಟೋ ತೆಗೆಸುವ ಜಾಗಕ್ಕೆ ದಯವಿಟ್ಟು ಹೋಗಬೇಡ ತಂಗಿ. ಗೂಡಿನಿಂದ ಎದ್ದ ಮರಿ ಮರಳಿನ ಮೇಲೆ ತಾನೇ ತೆವಳಿಕೊಂಡು ನೀರಿಗೆ ಹೋಗಬೇಕು. ಮೊದಲ ಗಂಟೆಗಳಲ್ಲಿ ಅದಕ್ಕೆ ಇರುವ ಶಕ್ತಿ ದಡ ಬಿಟ್ಟು ದೂರ ಈಜೋದಕ್ಕೆ. ಪ್ರವಾಸಿಗರು ಬರಲಿ ಅಂತ ಸಂಜೆವರೆಗೆ ಟಬ್‌ನಲ್ಲಿ ಇಟ್ಟರೆ ಆ ಶಕ್ತಿ ಟಬ್‌ನಲ್ಲೇ ಖರ್ಚಾಗಿ ಹೋಗುತ್ತದೆ.

ಈಗ ಲಿಟಲ್ ಅಂಡಮಾನ್. ಅಲ್ಲಿನ ಬಂದರು ಹಟ್ ಬೇ ತನಕ ಪೋರ್ಟ್ ಬ್ಲೇರ್‌ನಿಂದ (ಈಗ ಶ್ರೀ ವಿಜಯಪುರಂ) ಹಡಗಿನಲ್ಲಿ ಯಾರು ಬೇಕಾದರೂ ಹೋಗಬಹುದು. ಆದರೆ ದ್ವೀಪದ ಹೆಚ್ಚಿನ ಭಾಗ ಅಲ್ಲಿನ ಮೂಲನಿವಾಸಿಗಳಾದ ಓಂಗೆ ಜನರಿಗೆ ಮೀಸಲಾದ ಜಾಗ. 1956ರ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಒಳಗೆ ಕಾಲಿಟ್ಟರೆ ಕೇಸು. ಅದು ಸರಿಯಾದ ಕಾಯ್ದೆಯೇ, ಅದು ಅವರ ಊರು. ಆಮೆ ಕೂಡ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಮುಟ್ಟುವ ಹಾಗಿಲ್ಲ. ಅಂದರೆ ಒಂದು ಸಂಸ್ಥೆಯ ಮೂಲಕವೇ ಹೋಗಬೇಕು. ಅಲ್ಲಿ 2008ರಿಂದ ಕೆಲಸ ಮಾಡುತ್ತಿರೋದು ದಕ್ಷಿಣ್ ಫೌಂಡೇಶನ್, ಬೆಂಗಳೂರಿನದೇ. ಪೋರ್ಟ್ ಬ್ಲೇರ್ ಹತ್ತಿರ ವಂಡೂರಿನಲ್ಲಿ ಆನೆಟ್ ಅಂತ ಒಂದು ಸಂಶೋಧನಾ ಕೇಂದ್ರ ಇದೆ. ಎರಡೂ ಕಡೆ ಬರೆ. ಲೆದರ್‌ಬ್ಯಾಕ್ ಬರೋದು ಹೆಚ್ಚಾಗಿ ಡಿಸೆಂಬರ್‌ನಿಂದ ಫೆಬ್ರವರಿ ನಡುವೆ, ಹಾಗಾಗಿ ಮಳೆಗಾಲದಲ್ಲೇ ಕೇಳಬೇಕು, ನವೆಂಬರ್‌ನಲ್ಲಿ ಕೇಳಿದರೆ ತಡ.

ಕೆಲಸ ಹೇಗಿರುತ್ತದೆ ಅಂದರೆ, ರಾತ್ರಿಯಿಡೀ ನಡಿಗೆ. ಮೆತ್ತನೆ ಮರಳಿನಲ್ಲಿ, ಕತ್ತಲಲ್ಲಿ, ದೀಪ ಹಾಕದೆ. ಬಹಳ ರಾತ್ರಿ ಏನೂ ಸಿಗೋದಿಲ್ಲ, ಅದನ್ನೂ ಪುಸ್ತಕದಲ್ಲಿ ಬರೆಯಬೇಕು. ಸಿಕ್ಕರೆ ಮೊದಲು ಕಾಣೋದು ಜಾಡು. ಸುಮಾರು ಎರಡು ಮೀಟರ್ ಅಗಲ, ದಡದಲ್ಲಿ ಟ್ರ್ಯಾಕ್ಟರ್ ಹತ್ತಿಳಿದ ಹಾಗೆ. ಆಗ ಎಲ್ಲರೂ ಕೂತುಬಿಡಬೇಕು. ಅದು ಹಿಂಗಾಲಿನಿಂದ ಗುಂಡಿ ತೋಡುವಾಗ ಬೆಳಕೋ ಅಲುಗಾಟವೋ ಕಂಡರೆ ಮೊಟ್ಟೆ ಇಡದೆ ವಾಪಸ್ ಹೋಗಿಬಿಡುತ್ತದೆ. ಮೊಟ್ಟೆ ಇಡೋಕೆ ಶುರು ಮಾಡಿದ ಮೇಲೆ ಹಿಂದಿನಿಂದ ಹತ್ತಿರ ಹೋಗಬಹುದು. ಆಗ ಟೇಪ್ ಹಿಡಿದು ಬೆನ್ನಿನ ಉದ್ದ ಅಳೆಯಬೇಕು, ಎರಡೂ ಭುಜಕ್ಕೆ ಸ್ಕ್ಯಾನರ್ ಹಿಡಿದು ಹಿಂದೆ ಗುರುತಿಗೆ ಹಾಕಿದ ಮೈಕ್ರೋಚಿಪ್ ಇದೆಯಾ ನೋಡಬೇಕು. ತಲೆಯ ಮೇಲೆ ಒಂದು ಗುಲಾಬಿ ಮಚ್ಚೆ ಇರುತ್ತದೆ, ಪ್ರತಿ ಆಮೆಗೂ ಬೇರೆ ಆಕಾರ. ಬೆನ್ನು ಮುಟ್ಟಿದರೆ ಗಟ್ಟಿ ಚಿಪ್ಪು ಅಲ್ಲವೇ ಅಲ್ಲ, ಒದ್ದೆ ಚರ್ಮ, ಮೇಲೆ ಉದ್ದಕ್ಕೆ ಏಣುಗಳು. ಮುನ್ನೂರು ನಾನೂರು ಕಿಲೋ ತೂಗುವ ಜೀವ ಉಸಿರು ಬಿಟ್ಟಾಗ ಅದರ ಸದ್ದು ಎದೆಗೇ ತಾಗುತ್ತದೆ. ಹೀಗೆ ಗುರುತು ಹಾಕಿ, ಬೆನ್ನಿಗೆ ಉಪಗ್ರಹದ ಟ್ರಾನ್ಸ್‌ಮಿಟರ್ ಕಟ್ಟಿ ಕಳಿಸಿದ್ದರಿಂದಲೇ ಇಲ್ಲಿ ಮೊಟ್ಟೆ ಇಟ್ಟ ಆಮೆಗಳಲ್ಲಿ ಕೆಲವು ಆಸ್ಟ್ರೇಲಿಯಾ ಕಡೆಗೆ, ಕೆಲವು ಆಫ್ರಿಕಾ ಕಡೆಗೆ ಹೋಗುತ್ತವೆ ಅಂತ ಗೊತ್ತಾಗಿದ್ದು. ಒಂದಂತೂ 13,000 ಕಿ.ಮೀ. ದಾಟಿ ಮೊಜಾಂಬಿಕ್ ತನಕ ಹೋಯಿತು.

ಸಾಮಾನು ಕಡಿಮೆ ಇರಲಿ. ಕೆಂಪು ಬೆಳಕಿನ ಹೆಡ್‌ಟಾರ್ಚ್, ನೀರು ಹೋಗದ ಚೀಲ, ಉದ್ದ ತೋಳಿನ ಗಾಢ ಬಣ್ಣದ ಬಟ್ಟೆ, ಪೆನ್ಸಿಲ್ (ಪೆನ್ನು ಒದ್ದೆ ಹಾಳೆ ಮೇಲೆ ಬರೆಯೋದಿಲ್ಲ). ಮರಳು ನೊಣ ಕಚ್ಚಿದರೆ ವಾರಗಟ್ಟಲೆ ತುರಿಕೆ. ಕೈಕಾಲಿಗೆ ಕೊಬ್ಬರಿ ಎಣ್ಣೆ ದಪ್ಪಗೆ ಸವರಿಕೋ, ಕಡಿತ ಎಷ್ಟೋ ಕಡಿಮೆ ಆಗುತ್ತದೆ. ಊಟ ಅನ್ನ, ಬೇಳೆ, ಆಲೂಗಡ್ಡೆ, ಈರುಳ್ಳಿ, ಉಳಿದವರಿಗೆ ಮೀನು. ಸಸ್ಯಾಹಾರಿಗೆ ಹಸಿವಾಗೋದಿಲ್ಲ, ಬೇಜಾರಾಗಬಹುದು. ಚಟ್ನಿಪುಡಿ, ಉಪ್ಪಿನಕಾಯಿ ಜಾಸ್ತಿ ತಗೊಂಡು ಹೋಗು, ಕ್ಯಾಂಪಿನಲ್ಲಿ ಎಲ್ಲರೂ ಕೇಳುತ್ತಾರೆ.

ಒಂದು ಮಾತು ಮರೆಯಬೇಡ. ಈ ಕೆಲಸ ನಿಂತಿರೋದೇ ಕ್ಯಾಂಪಿನಲ್ಲಿ ಜೊತೆಗಿರುವ ಕರೆನ್ ಜನರ ಮೇಲೆ. ಅವರ ಹಿರಿಯರು 1925ರ ಹೊತ್ತಿಗೆ ಬರ್ಮಾದಿಂದ ಬಂದು ಮಧ್ಯ ಅಂಡಮಾನ್‌ನ ಮಾಯಾಬಂದರ್ ಕಡೆ ನೆಲೆಸಿದವರು. ಅಲೆ ನೋಡಿ ದೋಣಿ ಯಾವಾಗ ದಡಕ್ಕೆ ಹಾಕಬೇಕು, ಯಾವ ಹಳ್ಳ ದಾಟಬಾರದು ಅನ್ನೋದು ಅವರಿಗೆ ಗೊತ್ತು. ಡಿಗ್ರಿ ಇದೆ ಅಂತ ಅವರಿಗೆ ಹೇಳಿಕೊಡೋಕೆ ಹೋಗಬಾರದು, ಅವರು ಹೇಳಿದ್ದನ್ನು ಕೇಳಬೇಕು. ಹಿಂದಿ ಸ್ವಲ್ಪ ರೂಢಿಸಿಕೋ.

ಕುಂದಾಪ್ರ_ಕಡಲು:

ಅಲ್ಲ ಮಾರಾಯ್ರೇ, ಅಷ್ಟು ದೂರ ಹೋಗುವ ಮೊದಲು ನಮ್ಮ ಕಡೆ ಒಂದ್ಸಲ ಬನ್ನಿ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಆಲಿವ್ ರಿಡ್ಲೆ ಆಮೆ ಮೊಟ್ಟೆ ಇಡುತ್ತದೆ, ಗೂಡು ಕಂಡರೆ ಮೀನುಗಾರರೇ ಅರಣ್ಯ ಇಲಾಖೆಗೆ ಹೇಳಿ ಕಾವಲು ಮಾಡಿಸುತ್ತಾರೆ. ಅಲ್ಲಿ ಬಂದರು ಬೇಡ ಅಂತ ಹೋರಾಡುತ್ತಿರುವ ಜನವೂ ಅವರೇ. ಆಮೆ ಉಳಿಯೋದಕ್ಕೂ ಮೀನುಗಾರರ ದಡ ಉಳಿಯೋದಕ್ಕೂ ಏನು ಸಂಬಂಧ ಅಂತ ಅಲ್ಲಿ ಎರಡು ದಿನ ಕೂತು ಮಾತಾಡಿದರೆ ತಿಳಿಯುತ್ತದೆ, ಯಾವ ಪಾಠದಲ್ಲೂ ಅಷ್ಟು ಚೆನ್ನಾಗಿ ಹೇಳಿಲ್ಲ.

ನಡಿಗೆ ಅಭ್ಯಾಸಕ್ಕೆ ಚೆನ್ನೈ ಒಳ್ಳೇದು. ಅಲ್ಲಿ ವಿದ್ಯಾರ್ಥಿಗಳ ಒಂದು ತಂಡ 1988ರಿಂದ ಪ್ರತಿ ಸೀಸನ್ ನೀಲಾಂಗರೈನಿಂದ ಬೆಸೆಂಟ್ ನಗರದ ಕಡೆಗೆ ರಾತ್ರಿ ನಡೆದು ಗೂಡು ಹುಡುಕುತ್ತದೆ. ಸುಮಾರು 7 ಕಿ.ಮೀ. ಜನವರಿ ಆದ ಮೇಲೆ ವಾರಾಂತ್ಯಗಳಲ್ಲಿ ಹೊರಗಿನವರನ್ನೂ ಕರೆದುಕೊಂಡು ಹೋಗುತ್ತಾರೆ. ಮೊಟ್ಟೆಯನ್ನು ಹ್ಯಾಚರಿಗೆ (ಕಾವಲಿನಲ್ಲಿ ಮರಿ ಆಗೋ ತನಕ ಹೂತಿಡುವ ಜಾಗ) ಹೇಗೆ ಸಾಗಿಸುತ್ತಾರೆ ನೋಡಿ. ಇಟ್ಟ ಕೆಲವೇ ಗಂಟೆಯೊಳಗೆ, ಮಗುಚದೆ, ಅಲುಗಿಸದೆ, ಅದೇ ಆಳದ ಗುಂಡಿಗೆ. ತಡವಾಗಿ ತಿರುಗಿಸಿದರೆ ಒಳಗಿನ ಭ್ರೂಣ ಸಾಯುತ್ತದೆ. ಗುಂಡಿ ಎಲ್ಲಿ, ನೆರಳು ಎಷ್ಟು ಅನ್ನೋದೂ ಮುಖ್ಯ, ಮರಳು 29 ಡಿಗ್ರಿಗಿಂತ ಬಿಸಿ ಇದ್ದರೆ ಹೆಣ್ಣು ಮರಿ ಜಾಸ್ತಿ, ತಂಪಾದರೆ ಗಂಡು.

ದಾವಣಗೆರೆ_ಹುಡುಗಿ:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಧನ್ಯವಾದ ಅಕ್ಕ. ಆ ಜಾಹೀರಾತು ಬಿಟ್ಟೆ. ಆದರೆ ಮನೆಯಲ್ಲಿ ಅಮ್ಮ ಕೇಳುತ್ತಿರೋದು ಮೊಸಳೆ ಮತ್ತು ಮಲೇರಿಯಾ. ಏನು ಹೇಳಲಿ?

ಮೈಸೂರು_ವೈದ್ಯ:

ಅಮ್ಮ ಕೇಳುತ್ತಿರೋದು ಸರಿಯಾಗಿಯೇ ಇದೆ, ಮುಚ್ಚಿಡಬೇಡಮ್ಮ. ಅಂಡಮಾನ್ ನಿಕೋಬಾರ್‌ನಲ್ಲಿ ಮಲೇರಿಯಾ ಇದೆ. ಹೊರಡುವ ಒಂದು ತಿಂಗಳ ಮೊದಲೇ ವೈದ್ಯರನ್ನು ಕಂಡು ತಡೆ ಮಾತ್ರೆ ಬೇಕಾ ಅಂತ ಕೇಳು, ಟೆಟನಸ್ ಇಂಜೆಕ್ಷನ್ ಹಾಕಿಸಿಕೋ, ಹಲ್ಲು ನೋವಿದ್ದರೆ ಇಲ್ಲೇ ತೋರಿಸು. ಸೊಳ್ಳೆಪರದೆ ನಿನ್ನದೇ ಇರಲಿ. ವಾಪಸ್ ಬಂದ ಮೇಲೆ ತಿಂಗಳುಗಳ ನಂತರ ಜ್ವರ ಬಂದರೂ ಅಂಡಮಾನ್‌ಗೆ ಹೋಗಿದ್ದೆ ಅಂತ ಮೊದಲು ಹೇಳಬೇಕು. ದಾವಣಗೆರೆಯಲ್ಲಿ ಕೂತ ಡಾಕ್ಟರಿಗೆ ಅದು ತಾನಾಗಿ ಹೊಳೆಯೋದಿಲ್ಲ.

ಮರಳುದಾರಿ:

ಮೊಸಳೆ ನಿಜ, ಉಪ್ಪುನೀರಿನ ಮೊಸಳೆ. ಹಳ್ಳ ಸಮುದ್ರಕ್ಕೆ ಸೇರುವ ಜಾಗದಲ್ಲಿ ಇರುತ್ತದೆ. ಕತ್ತಲಲ್ಲಿ ಹಳ್ಳಕ್ಕೆ ಇಳಿಯಬಾರದು, ಒಬ್ಬಳೇ ನಡೆಯಬಾರದು, ಪಾತ್ರೆ ತೊಳೆಯೋಕೂ ಅಲ್ಲಿ ಕೂರಬಾರದು. ಕ್ಯಾಂಪಿನ ನಿಯಮ ಏನು, ಹುಷಾರಿಲ್ಲದಿದ್ದರೆ ದೋಣಿ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಸಂಸ್ಥೆಯವರನ್ನೇ ಕೇಳಿ ಅಮ್ಮನಿಗೆ ಹೇಳು. ಆ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವವರ ಜೊತೆ ಹೋಗಬೇಡ.

ಇದನ್ನೂ ಹೇಳಬೇಕು. ಗ್ರೇಟ್ ನಿಕೋಬಾರ್‌ನ ಗಲಾಥಿಯಾ ಕೊಲ್ಲಿ ಲೆದರ್‌ಬ್ಯಾಕ್‌ಗೆ ನಮ್ಮ ದೇಶದ ದೊಡ್ಡ ತವರು. 2004ರ ಸುನಾಮಿಯಲ್ಲಿ ಆ ದಡ ಕೊಚ್ಚಿಹೋಯಿತು, ಅಲ್ಲಿ ಆಮೆ ಕೆಲಸಕ್ಕೆ ಇದ್ದವರೂ ಪ್ರಾಣ ಕಳೆದುಕೊಂಡರು. ಆಮೇಲೆ ಮರಳು ಮತ್ತೆ ಕೂಡಿತು, ಆಮೆಗಳೂ ಬಂದವು. 2021ರಲ್ಲಿ ಬಂದರಿಗಾಗಿ ಅಲ್ಲಿನ ಅಭಯಾರಣ್ಯದ ಪಟ್ಟ ತೆಗೆದರು. ನನಗೆ ಇದು ಬಹಳ ನೋವಿನ ವಿಷಯ. ಲಿಟಲ್ ಅಂಡಮಾನ್‌ನ ಒಂದೊಂದು ರಾತ್ರಿಯ ಲೆಕ್ಕವೂ ಈಗ ಅದಕ್ಕೇ ಮುಖ್ಯ.

ಪತ್ರ ಬರೆಯುವಾಗ ಆಮೆ ಎಂದರೆ ಪ್ರೀತಿ ಅಂತ ಉದ್ದಕ್ಕೆ ಬರೆಯಬೇಡ, ಅದು ಎಲ್ಲರೂ ಬರೆಯುತ್ತಾರೆ. ಎಷ್ಟು ತಿಂಗಳು ಇರಬಲ್ಲೆ, ರಾತ್ರಿ ನಡೆದು ಅಭ್ಯಾಸ ಇದೆಯಾ, ಜಿಪಿಎಸ್ ಬಳಸೋಕೆ ಬರುತ್ತಾ, ಅಡುಗೆ ಮಾಡುತ್ತೀಯಾ, ಇಷ್ಟು ಬರೆ. ಚೆನ್ನೈಗೆ ಹೋಗಿ ಬಂದಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಹಾಕು. ಕಳಿಸುವ ಮುಂಚೆ ಬೇಕಾದರೆ ಇಲ್ಲಿ ಹಾಕು, ನೋಡಿಕೊಡುತ್ತೇನೆ.