ಸಮಸ್ಯೆ: ‘ಏಳು ಬರಲಾರು ಮಂದಿಯ ಮುಖವದೊಂದೆ’

ಬಸವನಗುಡಿಯಿಂದ
ಗೆಳೆಯರೇ, ಈ ವಾರದ ಸಾಲು ಇದು; ಇದೇ ಕೊನೆಯ ಸಾಲಾಗುವಂತೆ ಮೇಲೆ ಮೂರು ಸಾಲು ಕಟ್ಟಿ ಪದ್ಯ ಪೂರ್ತಿ ಮಾಡುವುದೇ ಪೂರಣ. ಏಳು ಬಂದ ಮಾತ್ರಕ್ಕೆ ಆರು ಜನರ ಮುಖ ಒಂದೇ ಆಗುವುದು ಹೇಗೆ? ಐದೈದು ಮಾತ್ರೆಯ (ಅಕ್ಷರ ಉಚ್ಚರಿಸುವ ಕಾಲದ ಅಳತೆ) ಗುಂಪುಗಳ ಚೌಪದಿ, ಅಂದರೆ ನಾಲ್ಕು ಸಾಲಿನ ಪದ್ಯ; 2 ಮತ್ತು 4ನೇ ಸಾಲಿನ ಕೊನೆಗೆ ಮೂರು ಮಾತ್ರೆ. ಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರ, ‘ಳ’.

ಮಲ್ಲೇಶ್ವರದಿಂದ
ನಿನ್ನೆ ಮೆಜೆಸ್ಟಿಕ್‌ನಲ್ಲಿ ನಿಂತಾಗಲೇ ಹೊಳೆಯಿತು. ನನ್ನ ಏಳು ಗಡಿಯಾರದ್ದು.

ಗಾಳಿ ಮಳೆ, ನಿಲ್ದಾಣದಲಿ ನಿಂತು ಕಾಯುತಿರೆ
ತಾಳಿದ್ದು ಸಾಕಾಯ್ತು, ಬಸ್ಸು ಬರಲಿಲ್ಲ
ಹೇಳದೆಯೆ ತಿಳಿಯುವುದು ಒದ್ದೆ ಚೀಲದ ಭಾರ
ಏಳು ಬರಲಾರು ಮಂದಿಯ ಮುಖವದೊಂದೆ

ಜಯನಗರದಿಂದ
ಆಹಾ, ಒದ್ದೆ ಚೀಲದ ಭಾರ! ಅಕ್ಕಾ, ಅದೊಂದೇ ಸಾಕು. ನನಗೆ ಕಂಡ ಆರು ಮಂದಿ ಅಂಕಿಗಳು.

ಮೇಳದೊಳಗೊಂದು ನಾಲ್ಕೆರಡೆಂಟು ಐದೇಳು
ಆಳು ಕದಲಿದರೇನು, ಸಾಲು ಮುರಿಯದದು
ತಾಳವೆರಡೋ ಮೂರೊ ಆರೊ ಹಾಕಲು ಕುಣಿತ
ಏಳು ಬರಲಾರು ಮಂದಿಯ ಮುಖವದೊಂದೆ

ಸಂಖ್ಯೆ 142857. ಎರಡರಿಂದ ಗುಣಿಸಿದರೆ 285714, ಮೂರರಿಂದ 428571, ಆರರಿಂದ 857142. ನಾಲ್ಕು, ಐದಕ್ಕೂ ಹೀಗೇ. ಅದೇ ಆರು ಅಂಕಿ, ಅದೇ ಸರದಿ, ಶುರುವಾಗುವ ಜಾಗ ಮಾತ್ರ ಬೇರೆ. ಏಳರಿಂದ ಗುಣಿಸಿ ನೋಡಿ: 999999. ಎಲ್ಲರೂ ಒಂಬತ್ತು!

ಬಸವನಗುಡಿಯಿಂದ
ಮೈ ಜುಮ್ಮೆಂದಿತು ಸರ್. ಒಂದೇ ಮಾತು: ‘ಎಂಟು ಐದೇಳು’ ಅಲ್ಲಿ ಸಂಧಿ ಬಿಟ್ಟಿದ್ದೀರಿ ಅಲ್ವಾ?

ಜಯನಗರದಿಂದ
ಹೌದು. ‘ಎಂಟೈದೇಳು’ ಮಾಡಿದರೆ ಒಂದು ಮಾತ್ರೆ ಕಡಿಮೆಯಾಗುತ್ತದೆ. ಅಂಕಿಗಳ ಸರದಿಯನ್ನಂತೂ ಮುಟ್ಟುವ ಹಾಗಿಲ್ಲ. ಅದಕ್ಕೇ ಹಾಗೇ ಇಟ್ಟೆ.

ಇನ್ನೊಂದು ಚಂದ ನೋಡಿ. ಇದರ ವರ್ಗ 20408122449. ಅದನ್ನು ಮುರಿದು ಕೂಡಿಸಿ: 20408 + 122449. ಮತ್ತೆ 142857! ಮಹಾರಾಷ್ಟ್ರದ ದೇವಳಾಲಿಯ ಶಾಲಾ ಮೇಷ್ಟ್ರು ಕಾಪ್ರೇಕರ್ ಅವರ ಹೆಸರಿನಲ್ಲಿ ಇಂಥ ಸಂಖ್ಯೆಗಳನ್ನು ಕರೆಯುತ್ತಾರೆ.

ಮಲ್ಲೇಶ್ವರದಿಂದ
ಯಾಕೆ ಹೀಗೆ ಅಂತ ತಡೆಯಲಾಗದೆ ಕರೆಂಟ್ ಬಿಲ್ಲಿನ ಹಿಂದೆ ಒಂದನ್ನು ಏಳರಿಂದ ಭಾಗಿಸುತ್ತಾ ಕೂತೆ. 0.142857 ಆಗಿ ಮತ್ತೆ ಅದೇ ಬರುತ್ತದೆ. ಗುಟ್ಟು ಶೇಷದಲ್ಲಿದೆ: 3, 2, 6, 4, 5, 1. ಒಂದರಿಂದ ಆರರವರೆಗೆ ಒಂದೂ ಬಿಡದೆ ಬಂದು, ಒಂದಕ್ಕೆ ಮರಳುತ್ತದೆ. ಎರಡನ್ನು ಭಾಗಿಸಿದರೂ ಮೂರನ್ನು ಭಾಗಿಸಿದರೂ ಇದೇ ಚಕ್ರದೊಳಗೆ ಎಲ್ಲೋ ಒಂದು ಕಡೆ ಹತ್ತುತ್ತೇವೆ, ಅಷ್ಟೇ. ಹಾಗೆ ಬಂದ ಕುಣಿತ ಇದು. ಏಳು ಪಾಲೂ ಸೇರಿದರೆ ಪೂರ್ತಿ ಒಂದು, ಅಂದರೆ 0.999999 ಹೀಗೇ ಮುಂದುವರಿದದ್ದು.

ಬಸವನಗುಡಿಯಿಂದ
ಹಾಗಾದರೆ ಮುಂದಿನ ಸಮಸ್ಯೆಯೂ ಇಲ್ಲಿಂದಲೇ ಬರಲಿ. ಒಂದನ್ನು ಹದಿನೇಳರಿಂದ ಭಾಗಿಸಿದರೆ ಬರುವ ಹದಿನಾರು ಅಂಕಿ: 0588235294117647. ಇದೂ ಹೀಗೇ ತಿರುಗುತ್ತದೆ. ಎರಡರಿಂದ ಗುಣಿಸಿದರೆ 1176470588235294. ಎಡಗಡೆಯ ಆ ಸೊನ್ನೆ ಒಳಕ್ಕೆ ಬಂದು ಕೂತಿದ್ದು ನೋಡಿ. ಸಾಲು ಇದು:

‘ಸೊನ್ನೆ ಮುಂದಿದ್ದರೂ ಬೆಲೆ ಬಂದಿತಲ್ಲ’

ಪ್ರಾಸ ‘ನ್ನ’. ಭಾನುವಾರ ರಾತ್ರಿವರೆಗೆ ಸಮಯ. ಅಕ್ಕಾ, ಈ ಸಲ ಮೊದಲ ಪೂರಣ ನಿಮ್ಮದೇ ಆಗಲಿ.